ಕೋರ್ಟು ಮುಚ್ಚಿಸಿದ ರೈತರು, ಕೈ ಬರಿದಾದ ಸರ್ಕಾರ

1786ರ ಅಕ್ಟೋಬರ್ 20ರಂದು ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕದ ಕಾಂಗ್ರೆಸ್ಸು, ಎಂದರೆ ಆ ದೇಶದ ಅಂದಿನ ಕೇಂದ್ರ ಸರ್ಕಾರ, 1,340 ಸೈನಿಕರನ್ನು ಹೊಸದಾಗಿ ಭರ್ತಿ ಮಾಡಿಕೊಳ್ಳುವ ನಿರ್ಣಯ ಮಾಡಿತು. ಓಹಿಯೋ ನದಿಯ ಕಡೆಯ ಮೂಲನಿವಾಸಿಗಳಿಂದ ಅಪಾಯವಿದೆ, ಅದಕ್ಕಾಗಿ ಈ ಪಡೆ ಎಂದು ಜನಕ್ಕೆ ಹೇಳಲಾಯಿತು. ನಿಜ ಸಂಗತಿ ಬೇರೆಯಿತ್ತು. ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಸಾಲದ ದಾವೆಗಳಿಂದ ಬಸವಳಿದ ರೈತರು ಆಗಸ್ಟ್ ಕೊನೆಯಿಂದ ಒಂದಾದ ಮೇಲೊಂದು ಕೋರ್ಟನ್ನು ಮುಚ್ಚಿಸುತ್ತ ಬಂದಿದ್ದರು. ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೇಂದ್ರದ ಶಸ್ತ್ರಾಗಾರವಿತ್ತು. ಸುಮಾರು 7,000 ಕೋವಿಗಳು, ಸಾವಿರಕ್ಕೂ ಮಿಕ್ಕಿದ ಮದ್ದಿನ ಪೀಪಾಯಿಗಳು ಅಲ್ಲಿದ್ದವು. ತಕ್ಕ ಕಾವಲು ಮಾತ್ರ ಇರಲಿಲ್ಲ. ತನ್ನ ಉಗ್ರಾಣವನ್ನು ತಾನು ಕಾಯಬೇಕಾದ ಸರ್ಕಾರ ತನ್ನ ಪ್ರಜೆಗಳ ಮುಂದೆ ಹಾಗೆಂದು ಹೇಳಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ. ಸುಳ್ಳು ಹೇಳಿದ್ದರಿಂದ ಕೆಲಸವೂ ಆಗಲಿಲ್ಲ. ಖರ್ಚಿಗೆ 5,30,000 ಡಾಲರ್ ಕೊಡಿ ಎಂದು 13 ರಾಜ್ಯಗಳನ್ನು ಕೇಳಿಕೊಂಡರೆ ವರ್ಜೀನಿಯಾ ಒಂದನ್ನು ಬಿಟ್ಟು ಉಳಿದವು ಓಗೊಡಲಿಲ್ಲ. ದಂಗೆಯನ್ನು ಹತ್ತಿಕ್ಕುವ ಕೆಲಸಕ್ಕೆ ಆ ಪಡೆ ಒದಗಲೇ ಇಲ್ಲ.

ಚರಿತ್ರೆಯ ಪುಸ್ತಕಗಳಲ್ಲಿ ಶೇಸ್ ದಂಗೆ ಎಂಬ ಹೆಸರಿನಲ್ಲಿ ಬರುವ ಈ ಪ್ರಸಂಗವನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಸಾಲಗಾರ ರೈತರು ತಿರುಗಿಬಿದ್ದರು, ಅವರನ್ನು ಅಡಗಿಸಲು ಕೇಂದ್ರಕ್ಕೆ ಸೈನ್ಯವಿರಲಿಲ್ಲ, ಬೆದರಿದ ಮುಖಂಡರು ಮರುವರ್ಷ ಫಿಲಡೆಲ್ಫಿಯಾದಲ್ಲಿ ಸೇರಿ ಬಲವಾದ ಸಂವಿಧಾನ ಬರೆದರು. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅರ್ಧ ಕಥೆ ಮಾತ್ರ ಇದೆ. ಇದನ್ನೇ ನಂಬಿದರೆ ದುರ್ಬಲ ಸರ್ಕಾರವೆಂದರೆ ಸಿಪಾಯಿಗಳಿಲ್ಲದ ಸರ್ಕಾರ, ಸಿಪಾಯಿಗಳನ್ನು ಕೊಟ್ಟುಬಿಟ್ಟರೆ ರೋಗ ವಾಸಿ ಎಂದುಕೊಳ್ಳುತ್ತೇವೆ. ಆ ಕಾಲದ ಹಣದ ಲೆಕ್ಕವನ್ನು ನೋಡಿದವರಿಗೆ ಬೇರೆಯದೇ ಕಾಣುತ್ತದೆ. ಕೇಂದ್ರದ ದೌರ್ಬಲ್ಯವನ್ನು ದಂಗೆ ಬಯಲು ಮಾಡಿತು, ನಿಜ. ಆದರೆ ಆ ದಂಗೆಯನ್ನು ಹುಟ್ಟಿಸಿದ್ದರಲ್ಲೂ ಅದೇ ದೌರ್ಬಲ್ಯದ ದೊಡ್ಡ ಪಾಲಿತ್ತು. ಕಾಲದ ಅಂದಾಜಿಗೆ ಒಂದು ಮಾತು: ಯಾರ್ಕ್‌ಟೌನಿನಲ್ಲಿ 1781ರಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದದ್ದು ಇದೇ 1786ರ ಸೆಪ್ಟೆಂಬರಿನಲ್ಲಿ. ಮುಂದೆ 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಸಿದುಕೊಂಡವನು ಅವನೇ. ಅವನನ್ನು ಸೋಲಿಸಿದ ದೇಶ ಅದೇ ಹೊತ್ತಿಗೆ ತನ್ನ ಸೈನಿಕರ ಬಾಕಿ ಸಂಬಳವನ್ನು ತೀರಿಸಲಾಗದೆ ಒದ್ದಾಡುತ್ತಿತ್ತು.

ಆ ಸರ್ಕಾರದ ರಚನೆಯನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. 1777ರಲ್ಲಿ ಕರಡಾಗಿ, 1781ರ ಮಾರ್ಚ್ 1ರಂದು ಜಾರಿಗೆ ಬಂದ ಒಕ್ಕೂಟದ ಕರಾರು ರಾಜ್ಯಗಳನ್ನು ಸ್ವತಂತ್ರ ಮಿತ್ರರಂತೆ ಕಂಡಿತ್ತು. ಕೇಂದ್ರಕ್ಕೆ ಅಧ್ಯಕ್ಷನಿಲ್ಲ, ದೇಶಕ್ಕೆಲ್ಲ ಅನ್ವಯವಾಗುವ ನ್ಯಾಯಾಂಗವಿಲ್ಲ. ಮುಖ್ಯ ತೀರ್ಮಾನಗಳಿಗೆ 13ರಲ್ಲಿ 9 ರಾಜ್ಯಗಳ ಒಪ್ಪಿಗೆ ಬೇಕು. ಕರಾರಿನ ಒಂದು ಮಾತು ಬದಲಿಸಲು ಹದಿಮೂರೂ ಒಪ್ಪಬೇಕು. ಯುದ್ಧ ಹೂಡುವ, ಸಾಲ ಎತ್ತುವ ಅಧಿಕಾರ ಕಾಂಗ್ರೆಸ್ಸಿಗಿತ್ತು, ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಮನೆಯ ಯಜಮಾನಿಕೆ ಒಬ್ಬನಿಗೆ, ಕಣಜದ ಬೀಗದ ಕೈ ಹದಿಮೂರು ಮಂದಿಗೆ ಎಂಬಂಥ ವ್ಯವಸ್ಥೆ ಅದು. ಹಣ ಬೇಕಾದಾಗ ರಾಜ್ಯಗಳಿಗೆ ಕೋರಿಕೆ ಕಳಿಸಬೇಕು. ಕೊಟ್ಟರೆ ಕೊಟ್ಟರು, ಇಲ್ಲವಾದರೆ ಕೇಳುವ ದಾರಿಯಿಲ್ಲ. ಆಮದಿನ ಮೇಲೆ ಶೇಕಡಾ 5ರ ಸುಂಕವನ್ನಾದರೂ ಕೊಡಿ ಎಂದು 1781ರಲ್ಲಿ ಕೇಳಿದಾಗ ಪುಟಾಣಿ ರೋಡ್ ಐಲೆಂಡ್ ಆಗದು ಎಂದು ಕುಳಿತಿತು. 1783ರಲ್ಲಿ ತಿದ್ದಿ ಮತ್ತೆ ಕೇಳಿದ ಸುಂಕದ ಪ್ರಸ್ತಾವವನ್ನು 1786ರಲ್ಲಿ ನ್ಯೂಯಾರ್ಕ್ ಮುಗಿಸಿಹಾಕಿತು. 1783ರ ಜೂನಿನಲ್ಲಿ ಸಂಬಳ ಸಿಗದ ನೂರಾರು ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸಿದ್ದ ಕಟ್ಟಡವನ್ನೇ ಸುತ್ತುವರಿದಾಗ, ನಾಡಪಡೆಯನ್ನು ಕರೆಸಿ ಎಂದರೆ ಪೆನ್ಸಿಲ್ವೇನಿಯಾ ಸರ್ಕಾರ ಒಪ್ಪಲಿಲ್ಲ. ಕಾಂಗ್ರೆಸ್ಸು ಊರು ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಯಿತು. ಶೇಸ್ ದಂಗೆಗೆ ಮೂರು ವರ್ಷ ಮೊದಲೇ ಈ ಸರ್ಕಾರದ ಕೈಲಾಗದತನ ಎಲ್ಲರ ಕಣ್ಣಿಗೆ ಬಿದ್ದಿತ್ತು. ದಂಗೆ ತೋರಿಸಿಕೊಟ್ಟದ್ದು ಆ ಕೈಲಾಗದತನಕ್ಕೆ ಬೆಲೆ ತೆರುತ್ತಿದ್ದವರು ಯಾರು ಎಂಬುದನ್ನು.

ಬೆಲೆ ತೆತ್ತವರ ಲೆಕ್ಕ ಸೈನಿಕನಿಂದ ಶುರುವಾಗುತ್ತದೆ. ಯುದ್ಧಕಾಲದಲ್ಲಿ ಅವನಿಗೆ ಸಂಬಳ ಸಿಕ್ಕಿದ್ದು ದಿನೇ ದಿನೇ ಕಿಮ್ಮತ್ತು ಕಳೆದುಕೊಳ್ಳುತ್ತಿದ್ದ ಕಾಗದದ ನೋಟುಗಳಲ್ಲಿ, ಆಮೇಲೆ ‘ಮುಂದೆ ಕೊಡುತ್ತೇವೆ’ ಎಂಬ ಸಾಲಪತ್ರಗಳಲ್ಲಿ. ಊರಿಗೆ ಮರಳಿದವನಿಗೆ ಬಿತ್ತನೆಗೆ, ಎತ್ತಿಗೆ, ಉಪ್ಪಿಗೆ ನಗದು ಬೇಕು. ಸಾಲಪತ್ರವನ್ನು ಬಂದಷ್ಟಕ್ಕೆ ಮಾರಿದ. ಮುಖಬೆಲೆಯ ಸಣ್ಣದೊಂದು ಪಾಲಿಗೆ ಅವುಗಳನ್ನು ಕೊಂಡು ಪೇರಿಸಿಟ್ಟವರು ಹೆಚ್ಚಿನಂಶ ಬಾಸ್ಟನ್ ಮತ್ತು ಕರಾವಳಿ ಪಟ್ಟಣಗಳ ಹಣವಂತರು. ಯುದ್ಧದ ಸಾಲವನ್ನು ಬಡ್ಡಿಸಹಿತ ಬೇಗ ತೀರಿಸಬೇಕು, ಪತ್ರದ ಮಾರುಕಟ್ಟೆ ಬೆಲೆ ಎಷ್ಟೇ ಇಳಿದಿರಲಿ ಅದಕ್ಕಿಂತ ಬಹಳ ಹೆಚ್ಚು ಕೊಟ್ಟೇ ತೀರಿಸಬೇಕು ಎಂದು ಮ್ಯಾಸಚುಸೆಟ್ಸ್ ಶಾಸನಸಭೆ ಹಟ ಹಿಡಿಯಿತು. ಹಣ ಎಲ್ಲಿಂದ ಬರಬೇಕು? 1786ರ ಮಾರ್ಚ್ ತಿಂಗಳ ತೆರಿಗೆ ಒಂದೇ ಮೂರು ಲಕ್ಷ ಪೌಂಡಿಗೂ ಮಿಕ್ಕಿತ್ತು. ಬಹುಪಾಲು ಬಿದ್ದದ್ದು ಜಮೀನಿನ ಮೇಲೆ, ಜೊತೆಗೆ ತಲೆಗಂದಾಯದ ರೂಪದಲ್ಲಿ 16 ದಾಟಿದ ಗಂಡಸರ ಮೇಲೆ, ಅವರಿಗೆ ಆಸ್ತಿ ಇರಲಿ ಇಲ್ಲದಿರಲಿ. ಈ ತೆರಿಗೆಯ ದೊಡ್ಡದೊಂದು ಪಾಲು ರಾಜ್ಯದ ಸ್ವಂತ ಖರ್ಚಿಗಾಗಿ ಇರಲಿಲ್ಲ. ಕಾಂಗ್ರೆಸ್ಸು ಕಳಿಸಿದ ಕೋರಿಕೆಯ ಕಂತನ್ನು ತುಂಬುವುದಕ್ಕೆ ಅದು ಮೀಸಲಾಗಿತ್ತು. ಬಂದರಿನಲ್ಲಿ, ಪರದೇಶದ ಬಟ್ಟೆ ಮತ್ತು ಮದ್ಯದ ಮೇಲೆ, ಕೊಳ್ಳುವ ಶಕ್ತಿಯಿದ್ದವರಿಂದ ಕೇಂದ್ರ ವಸೂಲು ಮಾಡಬಹುದಾಗಿದ್ದ ಹಣ, ಸುಂಕದ ಅಧಿಕಾರ ಇಲ್ಲದ ಒಂದೇ ಕಾರಣಕ್ಕೆ, ಗುಡ್ಡಗಾಡಿನ ಹೊಲದಿಂದ ಬರಬೇಕಾಯಿತು.

ತೆರಿಗೆಯ ಜೊತೆಗೆ ವ್ಯಾಪಾರದ ಸಾಲವೂ ಕೂಡಿತು. ಶಾಂತಿಯಾದ ಕೂಡಲೇ ಬ್ರಿಟಿಷ್ ವರ್ತಕರು ಹಡಗುಗಟ್ಟಲೆ ಸರಕನ್ನು ಉದ್ದರಿ ಕೊಟ್ಟರು. ಬಾಸ್ಟನ್ ವರ್ತಕರು ಅದನ್ನು ಒಳನಾಡಿನ ಅಂಗಡಿಯವರಿಗೆ ಕೊಟ್ಟರು, ಅಂಗಡಿಯವರು ರೈತರಿಗೆ ಬರೆದುಕೊಂಡು ಕೊಟ್ಟರು. ಅಷ್ಟರಲ್ಲಿ ಬ್ರಿಟನ್ 1783ರಲ್ಲಿ ತನ್ನ ವೆಸ್ಟ್ ಇಂಡೀಸ್ ದ್ವೀಪಗಳ ಬಂದರುಗಳಿಗೆ ಅಮೆರಿಕದ ಹಡಗುಗಳು ಬರಕೂಡದೆಂದು ಆಜ್ಞೆ ಮಾಡಿತು. ಮೀನು, ಮರ, ಮಾಂಸ ಮಾರಿ ಬೆಳ್ಳಿ ನಾಣ್ಯ ತರುತ್ತಿದ್ದ ಹಳೆಯ ದಾರಿ ಕಟ್ಟಿತು. ಪ್ರತಿಯಾಗಿ ಬ್ರಿಟಿಷ್ ಹಡಗುಗಳನ್ನು ತಡೆಯೋಣವೆಂದರೆ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವೂ ಕಾಂಗ್ರೆಸ್ಸಿಗಿರಲಿಲ್ಲ; ಒಂದು ರಾಜ್ಯ ಬಾಗಿಲು ಹಾಕಿದರೆ ಪಕ್ಕದ ರಾಜ್ಯ ತೆರೆಯುತ್ತಿತ್ತು. ಲಂಡನ್ನಿನವರು ಬಾಕಿ ಕೇಳಿದರು, ಬಾಸ್ಟನ್ನಿನವರು ಅಂಗಡಿಯವರನ್ನು ಕೇಳಿದರು, ಅಂಗಡಿಯವರು ರೈತರನ್ನು ಕೋರ್ಟಿಗೆಳೆದರು. ದವಸ, ದನ, ದುಡಿಮೆ ಕೊಟ್ಟು ಬಾಕಿ ತೀರಿಸುವುದು ಅಲ್ಲಿನ ಹಳೆಯ ರೂಢಿಯಾಗಿತ್ತು. ಈಗ ಎಲ್ಲರೂ ಕೇಳಿದ್ದು ನಾಣ್ಯ, ಊರಿನಲ್ಲಿ ಇಲ್ಲದಿದ್ದದ್ದೂ ಅದೇ. ಹ್ಯಾಂಪ್‌ಷೈರ್ ಜಿಲ್ಲೆಯೊಂದರಲ್ಲೇ 1784ರಿಂದ 1786ರವರೆಗಿನ ಎರಡು ವರ್ಷಗಳಲ್ಲಿ ಸುಮಾರು 3,000 ಸಾಲದ ದಾವೆಗಳು ಕೋರ್ಟು ಹತ್ತಿದವು. ಡಿಕ್ರಿಯಾದರೆ ದನ, ಹೊಲ ಜಪ್ತಿ. ಅದೂ ಸಾಲದಿದ್ದರೆ ಸಾಲಗಾರನಿಗೆ ಜೈಲು. ಕೋರ್ಟಿನ ಶುಲ್ಕ, ವಕೀಲರ ಫೀಸು ಎಲ್ಲವೂ ಸೋತವನ ತಲೆಗೆ.

ಈ ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಏಕಾಏಕಿ ಬೀದಿಗಿಳಿದವರಲ್ಲ. ಮೊದಲು ಅರ್ಜಿ ಬರೆದರು, ವರ್ಷಗಟ್ಟಲೆ ಬರೆದರು. 1786ರ ಆಗಸ್ಟ್ 22ರಿಂದ ಹ್ಯಾಟ್‌ಫೀಲ್ಡ್‌ನಲ್ಲಿ 50 ಊರುಗಳ ಪ್ರತಿನಿಧಿಗಳು ಸಭೆ ಸೇರಿ 17 ಅಹವಾಲುಗಳನ್ನು ಪಟ್ಟಿ ಮಾಡಿದರು. ಚಲಾವಣೆಯಲ್ಲಿ ಹಣವಿಲ್ಲ, ತೆರಿಗೆ ಸಮನಾಗಿ ಬೀಳುತ್ತಿಲ್ಲ, ಕೋರ್ಟುಗಳ ಖರ್ಚು ವಿಪರೀತ, ಶಾಸನಸಭೆ ಬಾಸ್ಟನ್ನಿನಲ್ಲಿ ಕೂರುತ್ತದೆ, ಸೆನೆಟ್ ಎಂಬುದು ಹಣವಂತರ ಕೋಟೆಯಾಗಿದೆ ಎಂಬ ಮಾತುಗಳು ಅದರಲ್ಲಿವೆ. ಓದಿದರೆ ತಲೆ ಕೆಟ್ಟವರ ಬರಹವೆಂದು ಅನ್ನಿಸುವುದಿಲ್ಲ. ಲೆಕ್ಕ ಗೊತ್ತಿದ್ದವರ ಬರಹ. ಕಾನೂನುಬಾಹಿರ ಗುಂಪು ಕಟ್ಟಬೇಡಿ ಎಂಬ ಎಚ್ಚರಿಕೆಯನ್ನೂ ಆ ಸಭೆ ಜನಕ್ಕೆ ಕೊಟ್ಟಿತ್ತು. ಆದರೆ ಬಾಸ್ಟನ್ನಿಗೆ ಪ್ರತಿನಿಧಿಯನ್ನು ಕಳಿಸುವ ಖರ್ಚನ್ನೂ ಭರಿಸಲಾಗದ ಊರುಗಳು ಪಶ್ಚಿಮದಲ್ಲಿ ಎಷ್ಟೋ ಇದ್ದವು, ಶಾಸನಸಭೆಯಲ್ಲಿ ಅವುಗಳ ದನಿಯೇ ಇರಲಿಲ್ಲ. ಆಗಸ್ಟ್ 29ರಂದು ನಾರ್ಥಾಂಪ್ಟನ್ನಿನಲ್ಲಿ ಸುಮಾರು 1,500 ಮಂದಿ ಕೋರ್ಟಿನ ಮುಂದೆ ನಿಂತು ನ್ಯಾಯಾಧೀಶರನ್ನು ಒಳಗೆ ಬಿಡಲಿಲ್ಲ. ಅವರಲ್ಲಿ ಹಲವರು ಹಳೆಯ ಸೈನಿಕರು. ತಮ್ಮನ್ನು ‘ರೆಗ್ಯುಲೇಟರ್’ಗಳು, ಅಂದರೆ ಸರ್ಕಾರವನ್ನು ಹದಕ್ಕೆ ತರುವವರು, ಎಂದು ಕರೆದುಕೊಂಡು ಟೋಪಿಗೆ ಹಸಿರು ಚಿಗುರು ಸಿಕ್ಕಿಸಿಕೊಂಡರು. ಚುನಾವಣೆ ನಡೆದು ಹೊಸ ಸಭೆ ಬರುವವರೆಗೆ ಸಾಲದ ತೀರ್ಪುಗಳು ನಿಲ್ಲಲಿ ಎಂಬುದು ಅವರ ಬೇಡಿಕೆಯ ತಿರುಳು. ಪೆಲ್ಹಾಮ್ ಊರಿನ ಡೇನಿಯಲ್ ಶೇಸ್ ಇವರ ಹಲವು ಮುಂದಾಳುಗಳಲ್ಲಿ ಒಬ್ಬ. ಬಂಕರ್ ಹಿಲ್ ಮತ್ತು ಸಾರಾಟೋಗದಲ್ಲಿ ಕಾದಿದ ಕ್ಯಾಪ್ಟನ್. ಲೂಕ್ ಡೇ, ಜಾಬ್ ಶಾಟಕ್, ಈಲೈ ಪಾರ್ಸನ್ಸ್ ಮೊದಲಾದವರ ಪಾತ್ರ ಕಡಿಮೆಯದಾಗಿರಲಿಲ್ಲ. ಇಡೀ ಚಳವಳಿಗೆ ಶೇಸ್ ಒಬ್ಬನ ಹೆಸರು ಅಂಟಿಸಿದ್ದರಿಂದ ವಿರೋಧಿಗಳಿಗೆ ಅನುಕೂಲವಾಯಿತು. ಸಾವಿರಾರು ಜನರ ದೂರು ಒಬ್ಬ ಸಾಲಗಾರನ ಪಿತೂರಿಯಾಗಿ ಕಾಣತೊಡಗಿತು.

ರಾಜ್ಯ ಸರ್ಕಾರ ನಾಡಪಡೆಯನ್ನು ನಂಬಿತ್ತು. ನಾಡಪಡೆಯೆಂದರೆ ಊರಿನ ಅದೇ ರೈತರು. ಸೆಪ್ಟೆಂಬರ್ 5ರಂದು ವುಸ್ಟರಿನಲ್ಲಿ ನ್ಯಾಯಾಧೀಶ ಆರ್ಟಿಮಸ್ ವಾರ್ಡ್, ಸ್ವಾತಂತ್ರ್ಯಯುದ್ಧದ ಜನರಲ್ ಆಗಿದ್ದವನು, ಎದೆಗೆ ಬಯೊನೆಟ್ ತಾಗಿಸಿ ನಿಂತವರ ಮುಂದೆ ಬಹಳ ಹೊತ್ತು ವಾದಿಸಿದ. ಅವನ ಧೈರ್ಯ ದೊಡ್ಡದು, ಆದರೆ ಕೋರ್ಟು ನಡೆಯಲಿಲ್ಲ, ಕರೆದರೂ ನಾಡಪಡೆ ಬರಲಿಲ್ಲ. ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ಕೋರ್ಟನ್ನು ಕಾಯಲು ಕರೆತಂದ ಸುಮಾರು ಸಾವಿರ ಮಂದಿಯನ್ನು ರಸ್ತೆಯ ಒಂದು ಬದಿಗೆ ಕೋರ್ಟಿನ ಪರ, ಇನ್ನೊಂದು ಬದಿಗೆ ವಿರುದ್ಧ ನಿಲ್ಲಿ ಎಂದು ಕೇಳಿದಾಗ ಹೆಚ್ಚುಕಡಿಮೆ 800 ಜನ ವಿರುದ್ಧದ ಬದಿಗೆ ಹೋದರು. ಬಾಸ್ಟನ್ ಇದಕ್ಕೆ ಕೊಟ್ಟ ಉತ್ತರ ಎರಡು ಬಗೆಯದು. ಕೆಲವು ಬಾಕಿಗಳನ್ನು ಸರಕಿನ ರೂಪದಲ್ಲಿ ಕಟ್ಟಬಹುದೆಂಬಂಥ ಸಣ್ಣ ರಿಯಾಯಿತಿಗಳು ಒಂದೆಡೆ. ಗಲಭೆ ಕಾಯಿದೆ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅನುವಾಗುವಂತೆ ಹೇಬಿಯಸ್ ಕಾರ್ಪಸ್ ಅಮಾನತು ಇನ್ನೊಂದೆಡೆ. ಬ್ರಿಟಿಷರ ವಿರುದ್ಧ ಜನರನ್ನು ಎಬ್ಬಿಸಿದ ಸ್ಯಾಮ್ಯುಯೆಲ್ ಆಡಮ್ಸ್ ಈಗ, ರಾಜನ ವಿರುದ್ಧದ ದಂಗೆಗೆ ಕ್ಷಮೆ ಇದ್ದೀತು, ಗಣರಾಜ್ಯದ ಕಾನೂನಿನ ವಿರುದ್ಧ ದಂಗೆಯೆದ್ದವನಿಗೆ ಮರಣವೇ ತಕ್ಕದ್ದು ಎಂಬ ನಿಲುವಿಗೆ ಬಂದ. ನವೆಂಬರ್ ಕೊನೆಯಲ್ಲಿ ಜಾಬ್ ಶಾಟಕ್‌ನನ್ನು ಕುದುರೆಪಡೆ ಗಾಯಗೊಳಿಸಿ ಹಿಡಿದು ಬಾಸ್ಟನ್ನಿನ ಜೈಲಿಗೆ ಒಯ್ದ ಮೇಲೆ, ಸಂಧಾನದ ಮಾತಾಡುತ್ತಿದ್ದವರ ಕೈ ಕಟ್ಟಿತು.

ಕೇಂದ್ರದ ಖಜಾನೆ ಬರಿದು, ರಾಜ್ಯದ ಖಜಾನೆಯಲ್ಲೂ ಹಣವಿಲ್ಲ. ಗವರ್ನರ್ ಜೇಮ್ಸ್ ಬೌಡಿನ್ ಕೊನೆಗೆ ಕೈಚಾಚಿದ್ದು ವರ್ತಕರ ಕಡೆಗೆ. 1787ರ ಜನವರಿಯಲ್ಲಿ ನೂರಿಪ್ಪತ್ತೈದರಷ್ಟು ಮಂದಿ ಹಣವಂತರು ಸುಮಾರು 6,000 ಪೌಂಡು ಕೂಡಿಸಿದರು. ಜನರಲ್ ಬೆಂಜಮಿನ್ ಲಿಂಕನ್ ಮುಂದಾಳುತನದಲ್ಲಿ ಸುಮಾರು 3,000 ಜನರ ಪಡೆ ಎದ್ದಿತು. ಇದರ ಅರ್ಥವನ್ನು ನಿಂತು ಯೋಚಿಸಬೇಕು: ಸಾಲ ಕೊಟ್ಟವರ ಚಂದಾದಿಂದ ಕಟ್ಟಿದ ಪಡೆ ಸಾಲಗಾರರ ಮೇಲೆ ನಡೆಯಿತು. ಹೀಗಿರುವಾಗ ಸರ್ಕಾರ ನ್ಯಾಯದ ತಕ್ಕಡಿ ಹಿಡಿದಿದೆ ಎಂದು ಪಶ್ಚಿಮದ ರೈತ ಹೇಗೆ ನಂಬಿಯಾನು? ಇನ್ನು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನರಲ್ ವಿಲಿಯಂ ಷೆಪರ್ಡ್ ರಾಜ್ಯದ ನಾಡಪಡೆಯೊಂದಿಗೆ ಕೇಂದ್ರದ ಶಸ್ತ್ರಾಗಾರವನ್ನು ಕಾಯುತ್ತಿದ್ದ. ಅವನ ಜನರ ಕೈಯಲ್ಲಿ ಸಾಕಷ್ಟು ಆಯುಧವಿರಲಿಲ್ಲ, ಬೆನ್ನ ಹಿಂದೆ ಆಯುಧದ ರಾಶಿ ಇತ್ತು. ಬಳಸಲು ಅನುಮತಿ ಕೊಡಿ ಎಂದು ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್‌ನನ್ನು ಕೇಳಿದರೆ, ಅದಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು, ಕಾಂಗ್ರೆಸ್ಸು ಈಗ ಸೇರಿಲ್ಲ ಎಂಬ ಉತ್ತರ ಬಂತು. ಷೆಪರ್ಡ್ ಅನುಮತಿಗೆ ಕಾಯದೆ ಬಾಗಿಲು ತೆಗೆಸಿದ. ಜನವರಿ 25ರಂದು, ಲೂಕ್ ಡೇ ಮರುದಿನ ಬರುತ್ತೇನೆಂದು ಕಳಿಸಿದ ಚೀಟಿ ದಾರಿಯಲ್ಲೇ ಷೆಪರ್ಡ್‌ನ ಕೈಸೇರಿದ್ದು ತಿಳಿಯದೆ, ಶೇಸ್ ತನ್ನ ಜನರೊಂದಿಗೆ ಆಳವಾದ ಹಿಮದಲ್ಲಿ ಶಸ್ತ್ರಾಗಾರದತ್ತ ನಡೆದ. ಎಚ್ಚರಿಕೆಯ ಗುಂಡುಗಳಾದ ಮೇಲೆ ಫಿರಂಗಿಗಳು ಸಾಲಿನ ನಡುವಿಗೇ ಹಾರಿದವು. ನಾಲ್ವರು ಸತ್ತರು, ಇಪ್ಪತ್ತರಷ್ಟು ಜನ ಗಾಯಗೊಂಡರು. ರೈತರು ಒಂದು ಕೋವಿಯನ್ನೂ ಹಾರಿಸದೆ ಚೆದುರಿದರು. ಫೆಬ್ರವರಿ 3ರ ರಾತ್ರಿ ಹಿಮಬಿರುಗಾಳಿಯಲ್ಲಿ 30 ಮೈಲಿ ನಡೆದ ಲಿಂಕನ್ನನ ಪಡೆ ಮರುಬೆಳಗ್ಗೆ ಪೀಟರ್‌ಶಾಮ್‌ನಲ್ಲಿ ಅವರ ಮೇಲೆ ಬಿತ್ತು. ಸುಮಾರು 150 ಮಂದಿ ಸೆರೆಯಾದರು, ಮುಂದಾಳುಗಳು ಗಡಿ ದಾಟಿ ವೆರ್ಮಾಂಟ್ ಸೇರಿದರು. ವೆರ್ಮಾಂಟ್ ಆಗಿನ್ನೂ ಒಕ್ಕೂಟಕ್ಕೆ ಸೇರದೆ ತಾನೇ ಒಂದು ಗಣರಾಜ್ಯವಾಗಿತ್ತು. ಅಲ್ಲಿಂದ ಅವರನ್ನು ಕರೆತರಿಸುವ ಬಲವೂ ಕಾಂಗ್ರೆಸ್ಸಿಗಿರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಗೆ ಉತ್ತರ ಕೊಡಬೇಕು. ತೆರಿಗೆ ಹಾಕಿದ್ದು ಮ್ಯಾಸಚುಸೆಟ್ಸ್, ಸಾಲಪತ್ರಗಳಿಗೆ ದುಬಾರಿ ಬೆಲೆ ಕಟ್ಟಿದ್ದು ಮ್ಯಾಸಚುಸೆಟ್ಸ್, ದಂಗೆಯನ್ನು ಅಡಗಿಸಿದ್ದೂ ಅದೇ. ಇದರಲ್ಲಿ ಕೇಂದ್ರದ ದೌರ್ಬಲ್ಯ ಎಲ್ಲಿ ಬಂತು, ಇದು ಒಂದು ರಾಜ್ಯದ ಸ್ವಾರ್ಥದ ಕಥೆಯಲ್ಲವೇ ಎಂದು ಕೇಳಬಹುದು. ಆ ರಾಜ್ಯದ ಹೊಣೆಯನ್ನು ನಾನು ಕಿರಿದು ಮಾಡುವುದಿಲ್ಲ. ಪಕ್ಕದ ರೋಡ್ ಐಲೆಂಡ್ 1786ರಲ್ಲಿ ಕಾಗದದ ಹಣ ಅಚ್ಚು ಹಾಕಿ ಸಾಲಗಾರರಿಗೆ ಉಸಿರು ಬಿಡಲು ಎಡೆ ಮಾಡಿಕೊಟ್ಟಿತ್ತು. ಇನ್ನೂ ಹಲವು ರಾಜ್ಯಗಳು ವಸೂಲಿಯನ್ನು ಮುಂದೂಡಿದ್ದವು. ಬೌಡಿನ್ನನ ಸರ್ಕಾರ ಹಾಗೆ ಮಾಡದಿದ್ದದ್ದು ತಪ್ಪು, ಹಣವಂತರ ಪರವಾದ ತಪ್ಪು. ಆದರೆ ರಾಜ್ಯಗಳ ಮುಂದಿದ್ದ ಆಯ್ಕೆಗಳನ್ನು ನೋಡಿ: ಕಾಗದದ ಹಣ ಅಚ್ಚು ಹಾಕಿ ಸಾಲ ಕೊಟ್ಟವರನ್ನು ಮುಳುಗಿಸುವುದು, ಕೇಂದ್ರದ ಕೋರಿಕೆಗೆ ಬೆನ್ನು ಹಾಕುವುದು, ಇಲ್ಲವೇ ರೈತರನ್ನು ಹಿಂಡುವುದು. ದೇಶದ ಯುದ್ಧಸಾಲವನ್ನು ದೇಶದ ಒಟ್ಟು ವ್ಯಾಪಾರದ ಮೇಲೆ ಹರಡಿ, ದೀರ್ಘ ಅವಧಿಯಲ್ಲಿ ತೀರಿಸುವ ನಾಲ್ಕನೆಯ ದಾರಿ ಇದ್ದದ್ದು ಸುಂಕದ ಅಧಿಕಾರವುಳ್ಳ ಕೇಂದ್ರಕ್ಕೆ ಮಾತ್ರ. ಅಂಥ ಕೇಂದ್ರ ಇರಲಿಲ್ಲ. ಕೇಂದ್ರದ ಕೋರಿಕೆಯನ್ನು ಪ್ರಾಮಾಣಿಕವಾಗಿ ಪಾಲಿಸಲು ಹೊರಟ ರಾಜ್ಯದಲ್ಲೇ ದಂಗೆ ದೊಡ್ಡದಾಯಿತೆಂಬುದು ಆಕಸ್ಮಿಕವಲ್ಲ.

ಇತಿಹಾಸಕಾರರು ಎತ್ತುವ ಎರಡನೆಯ ಆಕ್ಷೇಪಣೆ ತೇದಿಗಳದು. ಫಿಲಡೆಲ್ಫಿಯಾ ಸಮಾವೇಶಕ್ಕೆ ಕರೆ ಹೋದದ್ದು 1786ರ ಸೆಪ್ಟೆಂಬರಿನಲ್ಲಿ ಅನಾಪೊಲಿಸ್‌ನಲ್ಲಿ ಐದು ರಾಜ್ಯಗಳವರು ಸೇರಿದಾಗ. ಆಗ ಕೆಲವು ಕೋರ್ಟುಗಳು ಮುಚ್ಚಿದ್ದವು ಅಷ್ಟೆ. ಹಾಗಾದರೆ ದಂಗೆಯಿಂದ ಸಂವಿಧಾನ ಹುಟ್ಟಿತೆನ್ನುವುದು ಹೇಗೆ? ಹಾಗೆ ಹುಟ್ಟಿತೆಂದು ಹೇಳುವುದು ಉತ್ಪ್ರೇಕ್ಷೆಯೇ ಸರಿ. ಆದರೆ ಕರೆ ಹೋಗುವುದು ಬೇರೆ, ಜನ ಬರುವುದು ಬೇರೆ. ಅನಾಪೊಲಿಸ್‌ಗೇ ಎಂಟು ರಾಜ್ಯಗಳವರು ಬಂದಿರಲಿಲ್ಲ. ಒಕ್ಕೂಟದ ಕರಾರಿನ ಮೇಲೆ ಕೈಹಾಕಲು ಹಿಂದೆಮುಂದೆ ನೋಡುತ್ತಿದ್ದ ಮ್ಯಾಸಚುಸೆಟ್ಸ್ ಪ್ರತಿನಿಧಿಗಳನ್ನು ಹೆಸರಿಸಿದ್ದು ದಂಗೆಯ ನಂತರ. ಕಾಂಗ್ರೆಸ್ಸು ಸಮಾವೇಶಕ್ಕೆ ಮುದ್ರೆ ಒತ್ತಿದ್ದು 1787ರ ಫೆಬ್ರವರಿ 21ರಂದು, ಪೀಟರ್‌ಶಾಮ್ ಆಗಿ ಮೂರು ವಾರ ಕಳೆಯುವ ಮೊದಲು. ರಾಜಕೀಯ ಬಿಟ್ಟು ಮೌಂಟ್ ವರ್ನನ್ನಿನಲ್ಲಿ ಕೃಷಿ ನೋಡಿಕೊಳ್ಳುತ್ತಿದ್ದ ಜಾರ್ಜ್ ವಾಷಿಂಗ್ಟನ್ ಹೋಗಲೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಿ ಮಾರ್ಚ್ ಕೊನೆಗೆ ಒಪ್ಪಿದ. ಆ ನಡುವೆ ನಾಕ್ಸ್ ಅವನಿಗೆ ಬರೆದ ಪತ್ರಗಳಲ್ಲಿ ದಂಗೆಕೋರರು ಎಲ್ಲರ ಆಸ್ತಿಯನ್ನೂ ಸಮನಾಗಿ ಹಂಚಲು ಹೊರಟವರೆಂಬ ಚಿತ್ರವಿತ್ತು. ಅದು ನಿಜವಾಗಿರಲಿಲ್ಲ, ಹ್ಯಾಟ್‌ಫೀಲ್ಡ್ ಅಹವಾಲುಗಳಲ್ಲಿ ಯಾರ ಆಸ್ತಿಯನ್ನೂ ಹಂಚುವ ಮಾತಿಲ್ಲ. ತಮ್ಮ ಹೊಲವನ್ನು ಉಳಿಸಿಕೊಳ್ಳಲು ಹೊರಟವರನ್ನು ಆಸ್ತಿಯ ವೈರಿಗಳೆಂದು ಬಣ್ಣಿಸಿದ್ದು ದೊಡ್ಡ ಅನ್ಯಾಯ, ಆ ಭಯ ಕೆಲಸ ಮಾಡಿತೆಂಬುದೂ ನಿಜ. ಸಮಾವೇಶಕ್ಕೆ ಮೊದಲು, 1787ರ ಏಪ್ರಿಲ್‌ನಲ್ಲಿ, ವರ್ಜೀನಿಯಾದ ಮುಖಂಡ ಜೇಮ್ಸ್ ಮ್ಯಾಡಿಸನ್ ಒಕ್ಕೂಟದ ದೋಷಗಳನ್ನು ಪಟ್ಟಿ ಮಾಡಿದಾಗ, ಒಳಗಿನ ಹಿಂಸೆಯಿಂದ ರಾಜ್ಯಗಳಿಗೆ ಕೇಂದ್ರದ ರಕ್ಷಣೆ ಇಲ್ಲದ್ದನ್ನೂ ಸೇರಿಸಿದ್ದ. ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್ ಮಾತ್ರ ಆಗೊಮ್ಮೆ ಈಗೊಮ್ಮೆ ಸಣ್ಣ ದಂಗೆ ಆಗುವುದು ಒಳ್ಳೆಯದೇ ಎಂದು ಗೆಳೆಯರಿಗೆ ಸಮಾಧಾನದಿಂದ ಬರೆದ. ಅಟ್ಲಾಂಟಿಕ್‌ನ ಆಚೆ ಕುಳಿತವನಿಗೆ ಆ ನೆಮ್ಮದಿ ಸುಲಭವಾಗಿತ್ತು.

1787ರ ಸೆಪ್ಟೆಂಬರ್ 17ರಂದು ಸಹಿಯಾದ ಸಂವಿಧಾನದಲ್ಲಿ ಈ ದಂಗೆಯ ಗುರುತು ಸ್ಪಷ್ಟವಾಗಿದೆ. ದಂಗೆಗಳನ್ನು ಅಡಗಿಸಲು ನಾಡಪಡೆಯನ್ನು ಕರೆಯುವ ಅಧಿಕಾರ ಕಾಂಗ್ರೆಸ್ಸಿಗೆ ಬಂತು. ಪ್ರತಿ ರಾಜ್ಯವನ್ನೂ ಒಳಗಿನ ಹಿಂಸೆಯಿಂದ ಕಾಪಾಡುವ ಹೊಣೆ ನಾಲ್ಕನೆಯ ವಿಧಿಯಲ್ಲಿ ಸೇರಿತು. ಆಂತರಿಕ ಕ್ಷೋಭೆಯಿಂದ ರಾಜ್ಯಗಳನ್ನು ರಕ್ಷಿಸುವುದು ಕೇಂದ್ರದ ಕರ್ತವ್ಯ ಎನ್ನುವ ನಮ್ಮ ಸಂವಿಧಾನದ 355ನೇ ವಿಧಿಯನ್ನು ಬಲ್ಲ ಓದುಗರಿಗೆ ಈ ಮಾತು ಪರಿಚಿತವೆನ್ನಿಸುತ್ತದೆ. ಅದೇ ಅಮೆರಿಕನ್ ಸಂವಿಧಾನ ರಾಜ್ಯಗಳು ಕಾಗದದ ಹಣ ಹೊರಡಿಸಕೂಡದು, ಚಿನ್ನ ಬೆಳ್ಳಿ ಬಿಟ್ಟು ಬೇರೆಯದರಲ್ಲಿ ಸಾಲ ತೀರಿಸುವಂತೆ ಮಾಡಕೂಡದು, ಕರಾರುಗಳನ್ನು ಸಡಿಲಿಸಕೂಡದು ಎಂದೂ ಕಟ್ಟುಮಾಡಿತು. ಎಂದರೆ ರೋಡ್ ಐಲೆಂಡ್ ತನ್ನ ಸಾಲಗಾರರಿಗೆ ಕೊಟ್ಟ ರಿಯಾಯಿತಿಯ ಬಾಗಿಲು ಎಲ್ಲ ರಾಜ್ಯಗಳಲ್ಲೂ ಮುಚ್ಚಿತು. ಆದ್ದರಿಂದ ಮ್ಯಾಸಚುಸೆಟ್ಸ್ 1788ರ ಫೆಬ್ರವರಿ 6ರಂದು 187 ಮತ, ವಿರುದ್ಧ 168 ಮತಗಳ ಕಿರಿದಾದ ಅಂತರದಲ್ಲಿ ಸಂವಿಧಾನವನ್ನು ಒಪ್ಪಿದಾಗ, ದಂಗೆಯೆದ್ದ ಪಶ್ಚಿಮದ ಊರುಗಳಲ್ಲಿ ಹೆಚ್ಚಿನವು ವಿರೋಧದ ಕಡೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಸಟ್ಟನ್ ಊರಿನ ಏಮೊಸ್ ಸಿಂಗಲ್‌ಟರಿ ಎಂಬ ಪ್ರತಿನಿಧಿ, ಈ ವಕೀಲರೂ ಹಣವಂತರೂ ಸೇರಿ ನಮ್ಮಂಥ ಬಡವರನ್ನು ನುಂಗಿಹಾಕುತ್ತಾರೆ ಎಂದು ಸಭೆಯಲ್ಲಿ ಎಚ್ಚರಿಸಿದ. ಅವನಿಗೆ ಉತ್ತರ ಕೊಟ್ಟವನೂ ಪಶ್ಚಿಮದ ರೈತನೇ. ಲೇನ್ಸ್‌ಬರೋದ ಜೊನಾಥನ್ ಸ್ಮಿತ್, ತಾನು ನೇಗಿಲು ಹಿಡಿದು ಬದುಕುವವನು, ಕಳೆದ ಚಳಿಗಾಲದಲ್ಲಿ ಅರಾಜಕತೆಯನ್ನು ಕಣ್ಣಾರೆ ಕಂಡವನು, ಅದಕ್ಕೇ ಬಲವಾದ ಸರ್ಕಾರ ಬೇಕೆನ್ನುತ್ತೇನೆ ಎಂದ. ಇಬ್ಬರ ಮಾತಿನಲ್ಲೂ ನಿಜವಿತ್ತು. ಸಿಂಗಲ್‌ಟರಿಯ ಅಂಜಿಕೆ ಬರಿಯ ಊಹೆ ಆಗಿರಲಿಲ್ಲವೆಂದು 1794ರಲ್ಲಿ ಕಂಡಿತು: ವಿಸ್ಕಿ ಸುಂಕವನ್ನು ವಿರೋಧಿಸಿದ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರ ಮೇಲೆ ವಾಷಿಂಗ್ಟನ್ ಸುಮಾರು 13,000 ಜನರ ಪಡೆಯನ್ನು ಎಬ್ಬಿಸಿದ.

ದಂಗೆ ಸೋತಿತೆಂದು ಮುಗಿಸುವುದೂ ಸರಿಯಲ್ಲ. ಭಾಗವಹಿಸಿದವರಿಗೆ ಮೂರು ವರ್ಷ ಮತ ಹಾಕುವ, ಅಧಿಕಾರ ಹಿಡಿಯುವ, ಪಾಠ ಹೇಳುವ, ಛತ್ರ ನಡೆಸುವ ಹಕ್ಕನ್ನೂ ಕಿತ್ತುಕೊಂಡ ಕಾನೂನು 1787ರ ಫೆಬ್ರವರಿಯಲ್ಲಿ ಬಂತು. ಆದರೆ ಅದೇ ವಸಂತದ ಚುನಾವಣೆಯಲ್ಲಿ ಜನ ಬೌಡಿನ್ನನನ್ನು ಭಾರಿ ಅಂತರದಲ್ಲಿ ಕೆಳಗಿಳಿಸಿ ಜಾನ್ ಹ್ಯಾನ್‌ಕಾಕ್‌ನನ್ನು ಗವರ್ನರ್ ಮಾಡಿದರು. ಹೊಸ ಶಾಸನಸಭೆ ನೇರ ತೆರಿಗೆಯನ್ನು ತಗ್ಗಿಸಿತು, ಸಾಲಗಾರರಿಗೆ ಸವಲತ್ತು ಮುಂದುವರಿಸಿತು. ಮರಣದಂಡನೆಯಾದ 18 ಮಂದಿಯಲ್ಲಿ ಇಬ್ಬರನ್ನು ಬಿಟ್ಟು ಉಳಿದವರು ಗಲ್ಲಿನಿಂದ ಪಾರಾದರು, ಶೇಸ್‌ಗೂ 1788ರಲ್ಲಿ ಕ್ಷಮೆ ಸಿಕ್ಕಿತು. ಅರ್ಜಿಗಳಿಂದ ಆಗದ್ದು ಕೋರ್ಟು ಮುಚ್ಚಿಸಿ, ಆಮೇಲೆ ಮತ ಹಾಕಿ ಆಯಿತು. ಹೊಸ ಸಂವಿಧಾನದ ಅಡಿಯಲ್ಲಿ ಕೂಡಿದ ಕಾಂಗ್ರೆಸ್ಸು ಮೊದಲು ಮಾಡಿದ ಕೆಲಸಗಳಲ್ಲಿ ಒಂದು 1789ರ ಜುಲೈ 4ರ ಸುಂಕದ ಕಾಯಿದೆ. 1790ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ನನ ಯೋಜನೆಯಂತೆ ರಾಜ್ಯಗಳ ಯುದ್ಧಸಾಲವನ್ನು ಕೇಂದ್ರ ವಹಿಸಿಕೊಂಡಿತು. ತೀರಿಸುವ ಹಣ ಬಂದರುಗಳಿಂದ ಬರತೊಡಗಿದ ಮೇಲೆ ಮ್ಯಾಸಚುಸೆಟ್ಸ್ ರೈತನ ಹೊಲದ ಮೇಲಿನ ಹೊರೆ ಇಳಿಯಿತು. 1786ರಲ್ಲಿ ಇದಾಗಿದ್ದರೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಫಿರಂಗಿ ಹಾರಿಸುವ ಸಂದರ್ಭವೇ ಬರುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಆದರೂ ಒಂದು ಲೆಕ್ಕ ಸರಿಹೋಗಲಿಲ್ಲ. ಸಾಲಪತ್ರಗಳಿಗೆ ಪೂರ್ತಿ ಬೆಲೆ ಕೊಡುವಾಗ, ಬಿಡಿಗಾಸಿಗೆ ಅವನ್ನು ಮಾರಿಕೊಂಡ ಮೂಲ ಸೈನಿಕರಿಗೂ ಒಂದು ಪಾಲು ಸಲ್ಲಬೇಕೆಂದು ಮ್ಯಾಡಿಸನ್ 1790ರ ಫೆಬ್ರವರಿಯಲ್ಲಿ ಕೆಳಮನೆಯಲ್ಲಿ ಸೂಚಿಸಿದ. ದೇಶವನ್ನು ಗೆದ್ದುಕೊಟ್ಟವರಿಗೆ ಆ ದೇಶ ಮಾಡಬಹುದಾಗಿದ್ದ ಅತಿ ಸಣ್ಣ ನ್ಯಾಯ ಅದು. ಸೂಚನೆಯ ಪರವಾಗಿ 13 ಮತ ಬಂದವು, ವಿರುದ್ಧ 36. ಸಾಲಪತ್ರಗಳ ಹಣವೆಲ್ಲ ಅವುಗಳನ್ನು ಕೊಂಡಿಟ್ಟವರ ಪಾಲಾಯಿತು.